ರೋಕಸನ ತೊಡೆಯ ಗಾಯ

ಬೆರ್ಕೆಲ್‌ರಾಥ್, ಲಿಂಬರ್ಗ್
24 ಆಗಸ್ಟ್ 1958

ಅಪ್ಪಾ,

ಹೊಸ ವರ್ಷಕ್ಕೊಂದು, ನಿಮ್ಮ ಹುಟ್ಟುಹಬ್ಬಕ್ಕೊಂದು ಎಂದು ವರ್ಷಕ್ಕೆ ಎರಡೇ ಕಾಗದ ಬರೆಯುವವಳು ಆಗಸ್ಟಿನಲ್ಲಿ ಬರೆದಿದ್ದಾಳೆ ಎಂದರೆ ಏನೋ ಆಗಿದೆ ಎಂದು ನಿಮಗೆ ಗೊತ್ತಾಗಿರುತ್ತದೆ. ಗಾಬರಿಯಾಗಬೇಡಿ, ಎಲ್ಲರೂ ಆರೋಗ್ಯವಾಗಿದ್ದೇವೆ. ದೀನಾಗೆ ಮೂರು ತುಂಬಿತು. ಅಮ್ಮನ ಹೆಸರಿನ ಜೊತೆಗೆ ಅಮ್ಮನ ಹಟವೂ ಬಂದಿದೆ.

ಹೋದ ವಾರ ಇಲ್ಲಿ ಸಂತ ರೋಕಸನ ಹಬ್ಬ ಇತ್ತು. ಅವನ ಮರದ ಪ್ರತಿಮೆಯನ್ನು ನಾಲ್ಕು ಜನ ಹೊತ್ತು ಊರು ಸುತ್ತುತ್ತಾರೆ. ಮುಂದೆ ಎಡಗಡೆ ಹೆಗಲು ಕೊಡುವ ಜಾಗ ಇಪ್ಪತ್ತೆರಡು ವರ್ಷ ನನ್ನ ಮಾವನದಾಗಿತ್ತು, ಅವರು ತೀರಿಕೊಂಡ ಮೇಲೆ ನಿಮ್ಮ ಅಳಿಯ ಹ್ಯೂಬ್‌ನದು. ಬೆಳಿಗ್ಗೆ ಮಳೆ ಬಂದಿತ್ತು. ಬೇಕರಿಯ ತಿರುವಿನಲ್ಲಿ ಹ್ಯೂಬ್ ಕಾಲು ಜಾರಿದ. ಪ್ರತಿಮೆ ಕಲ್ಲುಹಾಸಿನ ಮೇಲೆ ಬಿತ್ತು. ಬಲಗೈ ಮೊಣಕೈಯಿಂದ ಕೆಳಗೆ ಪುಡಿಪುಡಿ, ಜೊತೆಗಿರುವ ನಾಯಿಯ ತಲೆ ಎರಡು ಹೋಳು.

ಹ್ಯೂಬ್‌ನನ್ನು ಯಾರೂ ಬೈಯಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಎಂದಿನಂತೆ ಮೇಣದಬತ್ತಿ ಹಿಡಿಯದೆ ಗೋಡೆಗೆ ಒರಗಿ ನಿಂತಿದ್ದೆ. ಮರುದಿನ ಬೇಕರಿಯಲ್ಲಿ ನನ್ನ ಬೆನ್ನ ಹಿಂದೆಯೇ ಒಬ್ಬಳು ಅಂದಳು: "ಸಂತರನ್ನೇ ಒಪ್ಪದ ಕ್ಯಾಲ್ವಿನ್ ಮತದೋಳನ್ನ ಮನೇಲಿ ಇಟ್ಕೊಂಡ್ರೆ ಸಂತ ಹೆಗಲ ಮೇಲೆ ಎಲ್ಲಿ ನಿಲ್ತಾನೆ?" ನಾಲ್ಕು ವರ್ಷದಿಂದ ಮನಸ್ಸಿನಲ್ಲಿದ್ದದ್ದು ಈಗ ಬಾಯಿಗೆ ಬಂದಿದೆ.

ಪಟ್ಟಣದ ಶಿಲ್ಪಿ ಎರಡು ವರ್ಷ ಬೇಕು ಅಂದನಂತೆ. ಪಾದ್ರಿ ದಾಸೆನ್ ಅದನ್ನು ಹೇಳಿಕೊಂಡು ಕೊರಗುತ್ತಿದ್ದಾಗ ನಾನು "ನಮ್ಮಪ್ಪ ಮಾಡ್ಕೊಡ್ತಾರೆ" ಅಂದುಬಿಟ್ಟೆ. ಬಾಯಿ ತಪ್ಪಿ ಬಂತು. ಆದರೆ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಬರುವ ಆಗಸ್ಟಿನೊಳಗೆ ಸರಿಯಾಗದಿದ್ದರೆ ಹ್ಯೂಬ್‌ನ ಹೆಗಲು ಬೇರೆ ಮನೆಗೆ ಹೋಗುತ್ತದೆ, ನಾನು ಈ ಊರಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಮಾಡಿಕೊಡುತ್ತೀರಾ?

ನಿಮ್ಮ ಮಗಳು,
ಮಿನಾ


ವೆಸ್ಟರ್‌ನೀಸೆ, ಝೀಲೆಂಡ್
2 ಸೆಪ್ಟೆಂಬರ್ 1958

ಮಿನಾ,

ಮಾಡುವುದಿಲ್ಲ.

ಇಷ್ಟೇ ಬರೆದು ಅಂಚೆಗೆ ಹಾಕೋಣ ಎಂದಿದ್ದೆ. ಆದರೆ ಕಾರಣ ಹೇಳದೆ ಮಗಳ ಮುಖಕ್ಕೆ ಬಾಗಿಲು ಹಾಕುವುದು ಸರಿಯಲ್ಲ ಅನ್ನಿಸಿತು.

ನಾನು ಈ ಸಭೆಯ ಹಿರಿಯ. ಪ್ರತಿ ಭಾನುವಾರ ಹತ್ತು ಆಜ್ಞೆಗಳನ್ನು ಓದುವಾಗ ಮೊದಲ ಸಾಲಿನಲ್ಲಿ ಕೂರುವವನು. ಎರಡನೆಯದು ವಿಗ್ರಹ ಕೂಡದು ಎನ್ನುತ್ತದೆ, ನಿನಗೆ ಐದನೇ ವಯಸ್ಸಿಗೇ ಬಾಯಿಪಾಠ ಆಗಿತ್ತು. ಅವರು ಹೇಳುವುದು ನನಗೂ ಗೊತ್ತು. ನಾವು ಪೂಜಿಸುವುದಿಲ್ಲ, ಗೌರವಿಸುತ್ತೇವೆ ಅಷ್ಟೆ ಎನ್ನುತ್ತಾರೆ. ಪಂಡಿತರಿಗೆ ಆ ವ್ಯತ್ಯಾಸ ಗೊತ್ತಿರಬಹುದು. ಮೊಣಕಾಲಿಗೆ ಗೊತ್ತೇ?

ಇನ್ನೊಂದು ಮಾತು. ಆ ರೋಕಸ್ ಒಳ್ಳೆಯ ಮನುಷ್ಯನಾಗಿದ್ದರೆ ಅವನು ಈಗ ದೇವರ ಹತ್ತಿರ ಸುಖವಾಗಿದ್ದಾನೆ. ಅವನನ್ನು ಅವನ ಪಾಡಿಗೆ ಬಿಡಿ. ಒಂದೇ ಗಳಿಗೆಯಲ್ಲಿ ನೂರು ಊರಿನ ಜನ ಕರೆದರೆ ನೂರನ್ನೂ ಕೇಳಿಸಿಕೊಳ್ಳುವ ಕಿವಿ ದೇವರದು ಮಾತ್ರ. ಆ ಕಿವಿಯನ್ನು ಸತ್ತ ಮನುಷ್ಯನಿಗೆ ಕೊಟ್ಟರೆ ಅವನನ್ನು ಏನು ಮಾಡಿದ ಹಾಗಾಯಿತು? ನಮಗೂ ದೇವರಿಗೂ ನಡುವೆ ಇರುವವನು ದೇವರ ಮಗನೊಬ್ಬನೇ. ಅವನ ಪಕ್ಕದಲ್ಲಿ ಇನ್ನೊಬ್ಬನನ್ನು ಕೂರಿಸಲು ನಾನು ಕುರ್ಚಿ ಮಾಡಿಕೊಡಲಾರೆ.

ನಿನ್ನ ಗಂಡನ ಹೆಗಲಿಗೆ ಪೆಟ್ಟಾಗಿಲ್ಲ ತಾನೇ? ಬರೆದಿಲ್ಲ ನೀನು.

ತಂದೆ,
ಕ್ರೈನ್ ವೆರ್ಹಾಗೆ


ಬೆರ್ಕೆಲ್‌ರಾಥ್
21 ಸೆಪ್ಟೆಂಬರ್ 1958

ಅಪ್ಪಾ,

ಹೆಗಲು ಊದಿಕೊಂಡಿತ್ತು, ಈಗ ಗಣಿಗೆ ಹೋಗುತ್ತಿದ್ದಾನೆ. ನೀವು ಕೇಳಿದ್ದನ್ನು ಅವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದ.

ಮಿಕ್ಕ ಕಾಗದವನ್ನು ನನ್ನ ಅತ್ತೆಗೆ ಓದಿ ಹೇಳಿದೆ. ನೀವು ತ್ರೀನ್ ಅತ್ತೆಯನ್ನು ನೋಡಿಲ್ಲ. ನಮ್ಮ ಮದುವೆಗೆ ಬಂದಿದ್ದರೆ ನೋಡುತ್ತಿದ್ದಿರಿ. ಅವರು ಆಲೂಗಡ್ಡೆ ಹೆರೆಯುತ್ತಾ ಪೂರ್ತಿ ಕೇಳಿಸಿಕೊಂಡು, "ಬುದ್ಧಿವಂತರೇ ಸರಿ, ನಿಮ್ಮಪ್ಪ. ಕಾಯಿಲೆ ಬಿದ್ದಾಗ ಪಕ್ಕದ ಮನೆಯೋರಿಗೆ 'ನನಗೋಸ್ಕರ ಪ್ರಾರ್ಥನೆ ಮಾಡ್ರಪ್ಪ' ಅಂತಾರೋ ಇಲ್ವೋ ಕೇಳು. ಬದುಕಿದ್ದಾಗ ಕೇಳಬಹುದು, ಸತ್ತ ಮೇಲೆ ಕೇಳಬಾರದು ಅಂದ್ರೆ, ಸತ್ತೋರಿಗೆ ನಮ್ಮ ಮೇಲಿನ ಅಕ್ಕರೆ ಹೋಗ್ಬಿಡುತ್ತಾ?" ಅಂದರು. ಉತ್ತರವನ್ನು ನೀವೇ ಬರೆಯಿರಿ. ನಿಮಗೆ ಹೊಳೆದೀತು.

ನಾನು ಮತ ಬಿಟ್ಟಿಲ್ಲ, ಅಪ್ಪಾ. ಈ ನಾಲ್ಕು ವರ್ಷದಲ್ಲಿ ಒಂದು ಮೇಣದಬತ್ತಿ ಹಚ್ಚಿಲ್ಲ. ನಿಮ್ಮ ಮಗಳಾಗಿಯೇ ಗೋಡೆಗೆ ಒರಗಿ ನಿಂತಿದ್ದೇನೆ. ಅದಕ್ಕೆ ಇವರು ನನ್ನನ್ನು ಒಳಗೆ ಸೇರಿಸುವುದಿಲ್ಲ. ವಿಗ್ರಹ ತೂಗುಹಾಕಿದ ಮನೆಗೆ ಕಾಲಿಡುವುದಿಲ್ಲ ಎಂದು ನೀವು ಮೊಮ್ಮಗಳ ಮುಖವನ್ನೂ ನೋಡಿಲ್ಲ. ಎರಡೂ ಕಡೆಯವರು ಸರಿ. ನಡುವೆ ಇರುವವಳು ಎಲ್ಲಿ ಇರಬೇಕು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಿಮ್ಮಿಂದ ಬೇರೇನೂ ಕೇಳುವುದಿಲ್ಲ.

ಮಿನಾ


ವೆಸ್ಟರ್‌ನೀಸೆ
25 ಅಕ್ಟೋಬರ್ 1958

ಮಿನಾ,

ಯಾವ ಮರ? ಓಕೋ, ಲಿಂಡೆನ್ನೋ? ಎತ್ತರ ಎಷ್ಟು? ಕುಟ್ಟೆಹುಳ ಹಿಡಿದಿದೆಯೇ? ಕೈ ಯಾವ ಕಡೆಗೆ ಚಾಚಿತ್ತು?

ಐದು ವಾರ ಯೋಚಿಸಿದೆ. ಮುರಿದ ಮರ ಮುರಿದ ಮರವೇ. ಅದನ್ನು ಕೂಡಿಸುವುದು ನನ್ನ ಕಸುಬು. ಅದರ ಮುಂದೆ ಆಮೇಲೆ ಯಾರು ಏನು ಮಾಡುತ್ತಾರೋ ಅವರು ದೇವರಿಗೆ ಉತ್ತರ ಕೊಡಲಿ. ಕೂಲಿ ಬೇಡ.

ಒಂದು ಷರತ್ತು. ಅವನು ಯಾರು, ಏನು ಪವಾಡ ಮಾಡಿದ, ನಾಯಿ ಯಾಕೆ ಇದೆ, ಇದ್ಯಾವುದೂ ನನಗೆ ಬೇಡ. ಕಥೆ ಬರೆದರೆ ಕಾಗದವನ್ನು ಒಲೆಗೆ ಹಾಕುತ್ತೇನೆ. ಅಳತೆ ಮಾತ್ರ ಬರೆ.

ಬೀಗಿತ್ತಿಯವರಿಗೆ ಹೇಳು: ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ತೆರೆಯುತ್ತಾರೆ. ಸತ್ತವರ ಬಾಗಿಲನ್ನು ನಾನೂ ತಟ್ಟಿ ನೋಡಿದ್ದೇನೆ. ಐದು ವರ್ಷ ಆಯಿತು. ತೆರೆಯುವುದಿಲ್ಲ.

ತಂದೆ,
ಕ್ರೈನ್


ಬೆರ್ಕೆಲ್‌ರಾಥ್
9 ನವೆಂಬರ್ 1958

ಅಪ್ಪಾ,

ಲಿಂಡೆನ್ ಮರ. ಪೀಠ ಬಿಟ್ಟು ಮೂರು ಅಡಿ ಎಂಟು ಅಂಗುಲ. ಹುಳ ಇದೆ, ಹೆಚ್ಚಿಲ್ಲ. ಬಲಗೈ ಕೆಳಮುಖವಾಗಿ ಚಾಚಿತ್ತು, ತೋರುಬೆರಳು ನೀಡಿತ್ತು. ಹ್ಯೂಬ್‌ನ ಚಿಕ್ಕಪ್ಪನ ಆಲೂಗಡ್ಡೆ ಲಾರಿಯಲ್ಲಿ ಗುರುವಾರ ಹೊರಡುತ್ತದೆ. ಒಣಹುಲ್ಲು ತುಂಬಿ ಗೋಣಿ ಸುತ್ತಿದ್ದೇವೆ.

ಕಥೆ ಒಂದಕ್ಷರವೂ ಬರೆದಿಲ್ಲ, ನೋಡಿ.

ಅಮ್ಮನ ಬಗ್ಗೆ ನೀವು ಬರೆದ ಸಾಲನ್ನು ಅತ್ತೆಗೆ ಓದಿ ಹೇಳಿದೆ. ಅವರು ಕೈಯ ಚಾಕು ಕೆಳಗಿಟ್ಟು ದೀನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಮಿನಾ


ವೆಸ್ಟರ್‌ನೀಸೆ
14 ಡಿಸೆಂಬರ್ 1958

ಮಿನಾ,

ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ ಎಂದು ಬರೆಯುತ್ತಿದ್ದೇನೆ. ಹಿರಿಯ ಯೋಬ್ ಮನೆಭೇಟಿಗೆಂದು ಬಂದವನು ಕೆಲಸದ ಕೋಣೆಗೂ ನುಗ್ಗಿದ. ಗೋಣಿಯ ಕೆಳಗಿಂದ ಒಂದು ಪಾದ ಹೊರಗೆ ಬಂದಿತ್ತು.

"ಇದೇನು ಕ್ರೈನ್, ಇಷ್ಟು ಚಿಕ್ಕ ಹೆಣ?" ಅಂದ.

"ಸಂತ" ಅಂದೆ.

ಅವನು ಟೋಪಿ ಹಾಕಿಕೊಂಡು ಹೊರಟ. ಹೋದ ಮಂಗಳವಾರ ಹಿರಿಯರು ಸೇರಿದ್ದರು. ಈ ಕೆಲಸ ನನ್ನ ಸೂರಿನಡಿ ಇರುವ ತನಕ ನಾನು ಸಭೆಯ ಜೊತೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕೂರುವಂತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ವಾಪಸು ಕಳಿಸಿಬಿಡಿ ಎಂದು ನೀನು ಬರೆಯಬೇಡ. ಕೈಗೆ ತೆಗೆದುಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವನಲ್ಲ ನಾನು.

ಕ್ರೈನ್


ವೆಸ್ಟರ್‌ನೀಸೆ
3 ಫೆಬ್ರವರಿ 1959

ಮಿನಾ,

ಕೆಲಸ ಮುಗಿಯಿತು. ನಾಳೆ ಲಾರಿಗೆ ಹಾಕುತ್ತೇನೆ.

ಹಳೆಯ ಕೆತ್ತನೆಗಾರ ಕೈಚಳಕವಿದ್ದವನು. ಬೆನ್ನಿನ ಮರ ಬಿರಿಯಬಾರದೆಂದು ಒಳಗೆ ಟೊಳ್ಳು ಮಾಡಿದ್ದಾನೆ, ಯಾರೂ ನೋಡದ ಆ ಜಾಗದಲ್ಲೂ ಉಳಿ ಸೋಮಾರಿಯಾಗಿ ಆಡಿಲ್ಲ. ಮೂರು ತಿಂಗಳು ಅವನ ಜೊತೆ ಕೆಲಸ ಮಾಡಿದ ಹಾಗಾಯಿತು. ಅವನ ನಂಬಿಕೆ ಏನೇ ಇರಲಿ, ಕಸುಬು ನೆಟ್ಟಗಿತ್ತು. ಕೈಯನ್ನು ನೀನು ಬರೆದಂತೆ ಕೆಳಗೆ ಚಾಚಿದ್ದೇನೆ. ನಾಯಿಯ ತಲೆ ಬೆಣೆ ಹಾಕಿ ಕೂಡಿಸಿದೆ. ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿಯನ್ನು ಇದೇ ಮೊದಲು ನೋಡಿದ್ದು, ಕದ್ದು ಓಡುತ್ತಿದೆಯೋ ಏನೋ.

ಎಡತೊಡೆಯಲ್ಲಿ ಒಂದು ಕೊಳೆತ ತೂತಿತ್ತು, ಒಳಗೆ ಕೆಂಪು ಬಣ್ಣ ಹೆಪ್ಪುಗಟ್ಟಿತ್ತು. ನೀನು ಅದನ್ನು ಬರೆದಿರಲಿಲ್ಲ, ಆದರೆ ಕಂಡ ಮೇಲೆ ಬಿಡಲಾಗುತ್ತದೆಯೇ? ಗಟ್ಟಿ ಮರ ಸಿಗುವ ತನಕ ಕೊರೆದು, ಲಿಂಡೆನ್ ತುಂಡು ಕೂರಿಸಿ, ಉಪ್ಪುಕಾಗದ ಉಜ್ಜಿ, ಮೈಬಣ್ಣ ಬಳಿದಿದ್ದೇನೆ. ಬೆರಳಾಡಿಸಿದರೂ ಎಲ್ಲಿತ್ತು ಎಂದು ಗೊತ್ತಾಗುವುದಿಲ್ಲ.

ಅವನು ಅಂಗಿಯನ್ನು ತೊಡೆಯ ತನಕ ಎತ್ತಿ ಹಿಡಿದಿದ್ದಾನೆ. ನೀರು ದಾಟುತ್ತಿದ್ದಾನೆ ಅಂದುಕೊಂಡೆ. ಮೊನ್ನೆ ಫೆಬ್ರವರಿ ಒಂದಕ್ಕೆ ಪ್ರವಾಹ ಬಂದು ಆರು ವರ್ಷ. ನಿನ್ನ ಅಮ್ಮನೂ ಆ ದಿನ ಲಂಗವನ್ನು ಹಾಗೇ ಎತ್ತಿಕೊಂಡು ಅಂಗಳಕ್ಕೆ ಇಳಿದಳು, ಕೋಳಿಗಳನ್ನು ತರುತ್ತೇನೆ ಅಂತ. ಕೂಗಿ ಕರೆದಿದ್ದರೆ ನಿಲ್ಲುತ್ತಿದ್ದಳು. ನಾನು ಕೂಗಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ತಂದೆ,
ಕ್ರೈನ್


ಬೆರ್ಕೆಲ್‌ರಾಥ್
8 ಮಾರ್ಚ್ 1959

ಅಪ್ಪಾ,

ಅಮ್ಮನ ಬಗ್ಗೆ ಬರೆದದ್ದನ್ನು ಯಾರಿಗೂ ಓದಿ ಹೇಳಿಲ್ಲ. ಕೂಗಿದ್ದರೂ ಅವಳು ನಿಲ್ಲುತ್ತಿರಲಿಲ್ಲ, ಅವಳ ಹಟ ನಿಮಗೆ ಗೊತ್ತು. ಈಗಿನ ವಿಷಯ ಬರೆಯಲೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ನಿಮಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಬರೆಯುತ್ತೇನೆ.

ಅದು ಕೊಳೆತ ತೂತಲ್ಲ ಅಪ್ಪಾ. ಗಾಯ. ರೋಕಸ್ ಪ್ಲೇಗು ಬಂದವರ ಸೇವೆ ಮಾಡಿ, ಕೊನೆಗೆ ಅವನಿಗೇ ಪ್ಲೇಗಿನ ಹುಣ್ಣು ಎದ್ದಿತು. ಅಂಗಿ ಎತ್ತಿರುವುದು ಅದನ್ನು ತೋರಿಸಲಿಕ್ಕೆ, ಬೆರಳು ನೀಡಿರುವುದೂ ಅದರ ಕಡೆಗೇ. ಕಥೆ ಬೇಡ ಅಂದಿರಿ, ನಾನು ಅಳತೆ ಮಾತ್ರ ಬರೆದೆ.

ಗೋಣಿ ಬಿಚ್ಚಿದಾಗ ಪಾದ್ರಿ ದಾಸೆನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹ್ಯೂಬ್ ನಗು ತಡೆಯಲಾಗದೆ ಹೊರಗೆ ಓಡಿದ. ತ್ರೀನ್ ಅತ್ತೆ ಮಾತ್ರ ತೊಡೆಯನ್ನೊಮ್ಮೆ ಮುಟ್ಟಿ ನೋಡಿ ಅಲ್ಲೇ ಮಂಡಿಯೂರಿಬಿಟ್ಟರು. "ವಾಸಿಯಾಯ್ತು! ನಾನೂರು ವರ್ಷದ ಮೇಲೆ ವಾಸಿಯಾಯ್ತು!"

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬಡಗಿಯ ಕೆಲಸ ಎಂದು ಪಾದ್ರಿ ಪೂಜೆಯಲ್ಲೇ ಹೇಳಿದರು. ನಾನೂ ಹೇಳಿದೆ. ಅದಕ್ಕೆ ಬೇಕರಿಯವಳು ಏನಂದಳು ಗೊತ್ತೇ? "ಗೊತ್ತಿದ್ದೋನು ಮಾಡಿದ್ರೆ ಅದು ಕೆಲಸ. ಏನೂ ಗೊತ್ತಿಲ್ಲದ ಪ್ರಾಟೆಸ್ಟೆಂಟ್ ಕೈಲಿ ಮಾಡಿಸ್ಕೊಂಡಿದಾನಲ್ಲ, ಅದೇ ಪವಾಡ!" ಪಕ್ಕದೂರಿಂದ ಕಾಲಿಗೆ ಹುಣ್ಣಾದ ಲೀನ್ ಎಂಬಾಕೆ ದಿನಾ ಬಂದು ಕೂರುತ್ತಾಳೆ.

ಈಗ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮೊಟ್ಟೆ ಇರುತ್ತದೆ, ಒಮ್ಮೊಮ್ಮೆ ಹಣ್ಣಿನ ಕಡುಬು. ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ದೀನಾಳನ್ನು ಆಟಕ್ಕೆ ಕರೆಯುತ್ತಾರೆ. ನಾಲ್ಕು ವರ್ಷದಲ್ಲಿ ಇದೇ ಮೊದಲು.

ಸುಮ್ಮನಿದ್ದುಬಿಡಿ ಅಪ್ಪಾ. ನಿಮ್ಮ ತಪ್ಪಿಲ್ಲ. ಪಾದ್ರಿಯೂ ನಾನೂ ಎಲ್ಲರಿಗೂ ನಿಜವನ್ನೇ ಹೇಳಿದ್ದೇವೆ, ಅವರಿಗೆ ಬೇಡವಾಗಿದೆ. ನನಗೋಸ್ಕರ ಇದೊಂದನ್ನು ಬಿಟ್ಟುಬಿಡಿ.

ಮಿನಾ


ವೆಸ್ಟರ್‌ನೀಸೆ
11 ಮಾರ್ಚ್ 1959

ಮಿನಾ,

ಬುಧವಾರ ಹದಿನೆಂಟರಂದು ಸಂಜೆಯ ರೈಲಿಗೆ ಬರುತ್ತೇನೆ. ಉಳಿ, ಕೊಡತಿ ತರುತ್ತೇನೆ.

ನಿನಗೆ ಎಷ್ಟು ನಷ್ಟ ಎಂದು ಗೊತ್ತು. ಆ ಮೊಟ್ಟೆಗಳ ಬಗ್ಗೆ ಓದಿ ನನ್ನ ಹೊಟ್ಟೆ ಉರಿಯಿತು, ಇಷ್ಟು ವರ್ಷ ಅವು ಎಲ್ಲಿದ್ದವು ಅಂತ. ಆದರೆ ಆ ಹುಣ್ಣಿನ ಹೆಂಗಸು ಡಾಕ್ಟರ ಹತ್ತಿರ ಹೋಗಿದ್ದಾಳೆಯೇ? ನನ್ನ ಅಂಟಿನ ಮುಂದೆ ಕೂತು ಅವಳ ಕಾಲು ಹೋದರೆ? ಜೀವಮಾನವೆಲ್ಲ ವಿಗ್ರಹದ ವಿರುದ್ಧ ಮಾತಾಡಿ, ಕೊನೆಗೆ ನನ್ನ ಕೈಯಿಂದಲೇ ಒಂದು ಪವಾಡ ಹುಟ್ಟಬೇಕೇ?

ತಪ್ಪು ನನ್ನದು. ಅವನು ಯಾರೆಂದು ಹೇಳಬೇಡ ಅಂದವನು ನಾನು. ಎದುರಿಗಿರುವವನು ಏನನ್ನು ತೋರಿಸುತ್ತಿದ್ದಾನೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಸ್ಟೇಷನ್ ಹತ್ತಿರ ಎಲ್ಲಾದರೂ ಮಲಗುತ್ತೇನೆ. ನನ್ನ ಮಾತು ನೆನಪಿದೆ.

ಕ್ರೈನ್


ಬೆರ್ಕೆಲ್‌ರಾಥ್
2 ಏಪ್ರಿಲ್ 1959

ಅಪ್ಪಾ,

ನೀವು ಹೋಗಿ ಎರಡು ವಾರವಾಯಿತು. ಇಲ್ಲಿದ್ದಾಗ ನಿಮಗೆ ಇಲ್ಲಿಯ ಭಾಷೆ ಅರ್ಧ ತಿಳಿಯಲಿಲ್ಲ, ನೀವೂ ಅರ್ಧ ಮಾತು ನುಂಗಿದಿರಿ. ಅದಕ್ಕೆ ನಡೆದದ್ದನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ.

ಆ ಬುಧವಾರ ಅತ್ತೆ ಬೆಳಿಗ್ಗೆಯೇ ಹಿಂದಿನ ಕೋಣೆಯ ಗೋಡೆಯಿಂದ ದೇವಮಾತೆಯ ಚಿತ್ರ, ಸಂತರ ಚಿತ್ರ, ಶಿಲುಬೆ ಎಲ್ಲ ಇಳಿಸಿ ದುಪ್ಪಟಿಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟರು. ನಾನು ಬೇಡ ಅಂದೆ. "ನಿಮ್ಮಪ್ಪ ಸ್ಟೇಷನ್ ಬೆಂಚಿನ ಮೇಲೆ ಮಲಗಿದ್ರೆ ಇವ್ರೆಲ್ಲ ನನ್ನ ಮೇಲೆ ಬೇಜಾರ್ ಮಾಡ್ಕೋತಾರೆ" ಅಂದರು. ನೀವು ಬಂದು ಗೋಡೆಯ ಮೇಲಿನ ಬಿಳಿ ಚೌಕಗಳನ್ನು, ಬರಿಯ ಮೊಳೆಗಳನ್ನು ಬಹಳ ಹೊತ್ತು ನೋಡಿದಿರಿ. ಆಮೇಲೆ ಚೀಲ ಇಳಿಸಿದಿರಿ. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮರುದಿನ ಇಗರ್ಜಿಯ ಬಾಗಿಲಲ್ಲಿ ನೀವು ಉಸಿರು ಬಿಗಿಹಿಡಿದು ನಿಂತದ್ದು ಕಂಡೆ. ಒಳಗೆ ಎಲ್ಲ ಪ್ರತಿಮೆಗಳಿಗೂ ನೇರಳೆ ಬಟ್ಟೆ ಮುಚ್ಚಿತ್ತು. ಈಸ್ಟರಿಗೆ ಮುಂಚಿನ ಎರಡು ವಾರ ಇಲ್ಲಿ ಹಾಗೆ ಮಾಡುತ್ತಾರೆ ಎಂದು ನಿಮಗೆ ಹೇಗೆ ಗೊತ್ತಿರಬೇಕು? "ನನಗೋಸ್ಕರ ಇಷ್ಟೆಲ್ಲಾ ಮಾಡ್ಬೇಕಿರ್ಲಿಲ್ಲ" ಅಂದಿರಲ್ಲ, ಪಾದ್ರಿ ದಾಸೆನ್ ಇನ್ನೂ ಅದನ್ನು ಹೇಳಿಕೊಂಡು ನಗುತ್ತಾರೆ. ಅಂದು ಸಂತ ಯೋಸೇಫನ ಹಬ್ಬ, ಬಡಗಿಗಳ ಸಂತ ಅವನು. ಹೇಳಬೇಡ ಎಂದು ಅತ್ತೆ ನನಗೆ ಮೊದಲೇ ಕಣ್ಣು ಬಿಟ್ಟಿದ್ದರು.

ಪೂಜೆ ಮುಗಿದ ಮೇಲೆ ರೋಕಸನನ್ನು ನೆಲಕ್ಕಿಳಿಸಿ ಬಟ್ಟೆ ತೆಗೆದರು. ಜನ ಎದ್ದು ಹೋಗಲಿಲ್ಲ. ನೀವು ಟೋಪಿ ತೆಗೆದು ಹೇಳಿದ್ದು ಇಷ್ಟೇ: "ನಾನು ಬಡಗಿ. ಇವನು ಯಾರು ಅಂತ ನನಗೆ ಗೊತ್ತಿರ್ಲಿಲ್ಲ. ಗಾಯ ಅಂತ ತಿಳೀದೆ ಮುಚ್ಚಿಬಿಟ್ಟೆ. ತಪ್ಪಾಯ್ತು. ಇದರಲ್ಲಿ ಅಂಟು, ಮರ, ಬಣ್ಣ ಬಿಟ್ಟು ಬೇರೆ ಏನೂ ಇಲ್ಲ. ಕಾಲುನೋವು ಇರೋರು ಡಾಕ್ಟರ ಹತ್ತಿರ ಹೋಗಿ." ಅತ್ತೆ ಅದನ್ನು ಇಲ್ಲಿಯ ಮಾತಿನಲ್ಲಿ ಗಟ್ಟಿಯಾಗಿ ಹೇಳಿದರು. ಒಂದು ಪದವನ್ನೂ ತಿರುಚಲಿಲ್ಲ, ನಾನು ಗಮನಿಸಿದೆ.

ಆಮೇಲೆ ನೀವು ಮಂಡಿಯೂರಿ ಉಳಿ ಇಟ್ಟಿರಿ. "ಎಷ್ಟು ಆಳ ಇತ್ತಮ್ಮಾ ಇದು?" ಎಂದು ಕೇಳಿದಿರಿ. ಅತ್ತೆ ಪಕ್ಕದಲ್ಲಿ ಕೂತು, ಕಿರುಬೆರಳ ಗೆಣ್ಣು ತೋರಿಸಿ, ಅವನು ಕಾಡಿನಲ್ಲಿ ಸಾಯಲು ಮಲಗಿದ್ದು, ಯಾರದೋ ನಾಯಿ ದಿನಾ ರೊಟ್ಟಿ ತಂದುಕೊಟ್ಟಿದ್ದು, ಎಲ್ಲ ಹೇಳಿದರು. ಒಂದು ಗಂಟೆ ಹಿಡಿಯಿತು. ನೀವು ತಡೆಯಲಿಲ್ಲ. ಕೊಡತಿಯ ಸದ್ದು, ಅತ್ತೆಯ ಮಾತು, ಅಷ್ಟೇ. ಹಿಂದಿನ ಬೆಂಚಿನಲ್ಲಿ ಲೀನ್ ಅಳುತ್ತಿದ್ದಳು.

ಚೂರುಗಳಿಗೆ ಹೆಂಗಸರು ಕೈ ಚಾಚಿದಾಗ ನೀವು ಒಂದೊಂದನ್ನೂ ಬಾಚಿ ಕೋಟಿನ ಜೇಬಿಗೆ ತುಂಬಿಕೊಂಡಿರಿ. "ಇದು ಕಸ, ಕಣ್ರಮ್ಮಾ!" ದೀನಾ ಮಾತ್ರ ಮರದ ಒಂದು ಸುರುಳಿಯನ್ನು ಬೆರಳಿಗೆ ಉಂಗುರದಂತೆ ಹಾಕಿಕೊಂಡು ಕುಣಿದಳು. ಅದನ್ನೂ ನೀವು ಬಿಡಿಸಿಕೊಂಡಿರಿ, ಅವಳು ಕಿರುಚಿದಳು. ಅಜ್ಜ ಮೊಮ್ಮಗಳ ಮೊದಲ ಜಗಳ.

ಈಗ ಮೆಟ್ಟಿಲ ಮೇಲೆ ಮೊಟ್ಟೆ ಇಲ್ಲ. ಬೇಕರಿಯವಳು ಮುಖ ತಿರುಗಿಸುತ್ತಾಳೆ. ಹ್ಯೂಬ್‌ನ ಹೆಗಲು ಉಳಿದಿದೆ, ಅಷ್ಟು ಸಾಕು. ಲೀನ್‌ಳನ್ನು ನಾನೇ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್ನೂ ಒಂದು ತಿಂಗಳು ತಡವಾಗಿದ್ದರೆ ಕಾಲು ತೆಗೆಯಬೇಕಿತ್ತಂತೆ. ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ನಿಮ್ಮ ಮೇಲೆ ಕೋಪವಿತ್ತು. ಈಗ ಇಲ್ಲ.

ನಿಮ್ಮ ಮಗಳು,
ಮಿನಾ


ವೆಸ್ಟರ್‌ನೀಸೆ
26 ಏಪ್ರಿಲ್ 1959

ಪ್ರೀತಿಯ ಮಿನಾ,

ಹಿರಿಯರು ಕರೆಸಿದ್ದರು. "ಅಲ್ಲಿ ಮಂಡಿ ಊರಿದ್ದು ನಿಜಾನಾ?" ಎಂದು ಯೋಬ್ ಕೇಳಿದ. "ನಿಜ. ಗಾಯ ಅಷ್ಟು ಕೆಳಗಿತ್ತು" ಅಂದೆ. ಒಬ್ಬಿಬ್ಬರು ನಕ್ಕರು, ಅವನು ನಗಲಿಲ್ಲ. ಕರ್ತನ ಭೋಜನಕ್ಕೆ ಮತ್ತೆ ಕೂರಬಹುದು, ಆದರೆ ಹಿರಿಯರ ಸಾಲಿನಲ್ಲಿ ಇನ್ನು ನಾನಿಲ್ಲ. ಈಗ ಆರನೆಯ ಸಾಲಿನಲ್ಲಿ ಕೂರುತ್ತೇನೆ. ಅಲ್ಲಿಂದಲೂ ಕೇಳಿಸುತ್ತದೆ.

ನನ್ನ ನಂಬಿಕೆ ಬದಲಾಗಿದೆ ಎಂದು ಅಲ್ಲಿ ಯಾರೂ ತಿಳಿಯಬಾರದು. ಸತ್ತವರನ್ನು ಬೇಡುವುದು ತಪ್ಪು ಎಂದು ಆಗಲೂ ಅಂದೆ, ಈಗಲೂ ಅನ್ನುತ್ತೇನೆ. ಬೀಗಿತ್ತಿಯವರಿಗೆ ಇದನ್ನು ಓದಿ ಹೇಳು. ಅವರ ಗೋಡೆಯ ಚಿತ್ರಗಳನ್ನು ಮುಂದಿನ ಸಲ ಇಳಿಸಬಾರದು ಎಂದೂ ಹೇಳು. ಅವರ ಮನೆಯವರನ್ನು ಬೀರುವಿಗೆ ತಳ್ಳಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಸಲ ಎಂದರೆ ಆಗಸ್ಟ್ ಹದಿನೇಳು, ಸೋಮವಾರ. ಹದಿನಾರು ನಿಮ್ಮ ಮೆರವಣಿಗೆ, ಭಾನುವಾರ ಬೇರೆ. ವಿಗ್ರಹದ ಹಿಂದೆ ನಾನು ನಡೆಯಲಾರೆ, ಭಾನುವಾರ ರೈಲೂ ಹತ್ತಲಾರೆ. ತಿರುವಿನಲ್ಲಿ ಜೋಪಾನ ಎಂದು ಅಳಿಯನಿಗೆ ಹೇಳು.

ಇನ್ನೊಂದು ವಿಷಯ, ಇದು ನಿನಗೆ ಮಾತ್ರ. ಊರಿಗೆ ಬಂದ ದಿನ ಕೋಟಿನ ಜೇಬು ಬರಿದು ಮಾಡಿ ಆ ಚೂರುಗಳನ್ನೆಲ್ಲ ಒಲೆಗೆ ಹಾಕಿದೆ. ಯಾರೂ ಅದಕ್ಕೆ ಮುತ್ತಿಡಬಾರದು ಎಂದು ತಾನೇ ಅಷ್ಟು ದೂರದಿಂದ ಹೊತ್ತು ತಂದದ್ದು. ಎಲ್ಲ ಉರಿದವು. ದೀನಾ ಬೆರಳಿಗೆ ಹಾಕಿಕೊಂಡಿದ್ದ ಸುರುಳಿ ಕೊನೆಗೆ ಕೈಗೆ ಸಿಕ್ಕಿತು. ಒಲೆಯ ಬಾಗಿಲು ತೆಗೆದು ಬಹಳ ಹೊತ್ತು ಕೂತೆ. ಅದು ನಾನೇ ಕೂರಿಸಿದ ಮರ, ನಾನೇ ಕೆತ್ತಿ ತೆಗೆದ ಮರ, ಅದರಲ್ಲಿ ಏನೂ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಿಟಕಿಯ ಹಲಗೆಯ ಮೇಲಿದೆ. ಧೂಳು ಕೂರದಂತೆ ಒಂದು ಲೋಟ ಬೋರಲು ಹಾಕಿದ್ದೇನೆ.

ನಿನ್ನ ಅಪ್ಪ